ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಒಂದು ರಿಸರ್ಚ್ ಲ್ಯಾಬ್ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ಕೊಡಗಿಗೆ ಒಳ್ಳೆ ಆಸ್ಪತ್ರೆ ಬೇಕು ಅಂತ ನಿಮ್ಮ ಪತ್ರಿಕೆಲಿ ಎಷ್ಟು ಪತ್ರ ಬಂದಿದಾವೋ ಲೆಕ್ಕ ಇಟ್ಟೋರಿಲ್ಲ. 2019ರಲ್ಲಿ ನಮ್ಮ ಹುಡುಗ್ರು ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರಲ್ಲಿ ಹ್ಯಾಶ್‌ಟ್ಯಾಗ್ ಹಾಕಿ ಬೆಂಗಳೂರಿನ ತನಕ ಕೇಳಿಸೋ ಹಾಗೆ ಕೂಗಿದ್ರು, ನಾನೂ ಮಗಳ ಫೋನಿಂದ ಒಂದು ಹಾಕಿಸಿದ್ದೆ. ಎಲ್ರೂ ಕೇಳೋದು ಬೆಡ್ಡು, ಐಸಿಯು, ಹಾರ್ಟಿನ ಡಾಕ್ಟ್ರು, ನ್ಯೂರೋ ಡಾಕ್ಟ್ರು. ಬೇಕು, ಯಾರು ಬೇಡ ಅಂತಾರೆ, ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್ ಆಂಬುಲೆನ್ಸಲ್ಲಿ ಕೂತು ಹೋದವರಿಗೇ ಗೊತ್ತು ಆ ದಾರಿ ಎಷ್ಟು ಉದ್ದ ಅಂತ. ನಾನು ಕೇಳೋಕೆ ಹೊರಟಿರೋದು ಇನ್ನೊಂದು ವಿಷಯ, ಓದಿದವರು ನಕ್ಕರೂ ನಗ್ಲಿ. ನಮ್ಮ ಮಡಿಕೇರಿ ಮೆಡಿಕಲ್ ಕಾಲೇಜಿನ ಸರ್ಜರಿ ಡಿಪಾರ್ಟ್‌ಮೆಂಟ್ ಒಳಗೇ, ಆಪರೇಷನ್ ಥಿಯೇಟರಿಗೆ ಹತ್ತು ಹೆಜ್ಜೆ ದೂರದಲ್ಲಿ, ಒಂದು ಸಣ್ಣ ರಿಸರ್ಚ್ ಲ್ಯಾಬ್ ಆಗ್ಬೇಕು.

ನಾನು ಡಾಕ್ಟ್ರೂ ಅಲ್ಲ ವಿಜ್ಞಾನಿಯೂ ಅಲ್ಲ. 31 ವರ್ಷ ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು, ರಿಟೈರ್ ಆಗಿ ಈಗ ಮೂರ್ನಾಡು ಹತ್ರ ಸ್ವಲ್ಪ ಕಾಫಿ, ನಾಲ್ಕು ಬಳ್ಳಿ ಮೆಣಸು ನೋಡ್ಕೊಂಡು ಇದ್ದೀನಿ. ಹೆಸರು ಹಾಕೋದು ಬೇಡ ಅಂತ ಕೇಳ್ಕೋತೀನಿ, ಪೆನ್ಷನ್ ಫೈಲ್ ಇನ್ನೂ ಟೇಬಲ್ಲಿಂದ ಟೇಬಲ್ಲಿಗೆ ಓಡಾಡ್ತಾ ಇದೆ.

ಈ ಪತ್ರ ಬರೆಯೋಕೆ ಕಾರಣ ನಮ್ಮಕ್ಕನ ಮಗನ ಕಾಲು. ಎರಡು ವರ್ಷದ ಹಿಂದೆ ಮೆಣಸು ಕೊಯ್ಯೋವಾಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ಬಿದ್ದ, ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಹರ್ಕೊಂಡು ಹೊರಗೆ ಬಂತು, ಗಾಯದ ತುಂಬ ತೋಟದ ಮಣ್ಣು. ಹೊರಜಿಲ್ಲೆಯ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಹೆಸರು ಬೇಡ, ಆಪರೇಷನ್ ಚೆನ್ನಾಗೇ ಮಾಡಿದ್ರು. ಒಂಬತ್ತನೇ ದಿನ ಕೀವು ಶುರುವಾಯ್ತು. ಹತ್ತಿ ಕಡ್ಡಿಲಿ ಒರೆಸಿ ಕಲ್ಚರಿಗೆ, ಅಂದ್ರೆ ಕ್ರಿಮಿ ಬೆಳೆಸಿ ಯಾವುದು ಅಂತ ನೋಡೋ ಪರೀಕ್ಷೆಗೆ ಕಳಿಸಿದ್ರು, ಅಷ್ಟೊತ್ತಿಗೆ ಎರಡು ಥರ ಆಂಟಿಬಯಾಟಿಕ್ ಮೈಯಲ್ಲಿ ಓಡ್ತಿತ್ತು, ಏನೂ ಬೆಳೀಲಿಲ್ಲ ಅಂತ ರಿಪೋರ್ಟ್ ಬಂತು. ಕೀವು ಮಾತ್ರ ನಿಲ್ಲಲಿಲ್ಲ. ಎರಡನೇ ಸಲ ಡಾಕ್ಟ್ರು ಗಾಯದ ಆಳದಿಂದ ಮಾಂಸದ ಒಂದು ಚೂರನ್ನೇ ಕತ್ತರಿಸಿ ಕೊಟ್ರು, ಅದು ಸರಿಯಾದ ಕ್ರಮ, ಹತ್ತಿ ಕಡ್ಡಿಗಿಂತ ಅದು ಎಷ್ಟೋ ಮೇಲು. ವಾರ್ಡಿನ ಟೇಬಲ್ ಮೇಲೆ ಆ ಬಾಟಲಿ ಇತ್ತು, ನಾನು ಸುಮ್ನೆ ಅಭ್ಯಾಸಬಲದಿಂದ ಮುಚ್ಚಳ ತಿರುಗಿಸಿ ನೋಡ್ದೆ. ಕಣ್ಣು ಚುರ್ ಅಂತು. ಫಾರ್ಮಲಿನ್! ಯಾರೋ ಹೊಸ ಹುಡುಗ ಬಯಾಪ್ಸಿಗೆ ಹಾಕೋ ಬಾಟಲಿಗೇ ಹಾಕಿಟ್ಟಿದಾನೆ. ಫಾರ್ಮಲಿನ್‌ಗೆ ಬಿದ್ದ ಮೇಲೆ ಒಂದು ಕ್ರಿಮಿನೂ ಬದುಕಲ್ಲ, ಕಲ್ಚರ್ ಎಲ್ಲಿಂದ ಬೆಳೀಬೇಕು? ನಾನು ಅಲ್ಲಿ ಇರದೇ ಹೋಗಿದ್ರೆ ಇನ್ನೊಂದು ಸಲ ಏನೂ ಬೆಳೀಲಿಲ್ಲ ಅಂತ ರಿಪೋರ್ಟ್ ಬರ್ತಿತ್ತು, ಹುಡುಗನ ಕಾಲು ಇನ್ನೊಂದು ವಾರ ಕೊಳೀತಿತ್ತು.

ಮೂರನೇ ಸಲ ಸಲೈನಲ್ಲಿ ಹಾಕಿಸಿ, ನಾನೇ ಕೈಯಲ್ಲಿ ಹಿಡ್ಕೊಂಡು ಊರಾಚೆ ಇರೋ ಲ್ಯಾಬಿಗೆ ಹೋಗಿ ಕೊಟ್ಟು ಬಂದೆ. ಆಗ ಸಿಕ್ತು, ಸಾಮಾನ್ಯ ಔಷಧಿಗಳಿಗೆ ಬಗ್ಗದ ಕ್ರಿಮಿ. ಔಷಧಿ ಬದಲಾಯ್ತು, ಕಾಲು ಉಳೀತು. ಆದ್ರೆ ಪಾದ ಪೂರ್ತಿ ಮೇಲೆ ಬರಲ್ಲ ಅವನಿಗೆ, ಸಮತಟ್ಟಲ್ಲಿ ನಡೀತಾನೆ, ತೋಟದ ಇಳಿಜಾರಲ್ಲಿ ಚೀಲ ಹೊರೋಕೆ ಆಗಲ್ಲ. ಕೊಡಗಲ್ಲಿ ಸಮತಟ್ಟು ಎಲ್ಲಿದೆ ಹೇಳಿ.

ಇದು ರಿಸರ್ಚ್ ಹೇಗಾಗುತ್ತೆ, ದಿನಾ ನಡೆಯೋ ಮೈಕ್ರೋಬಯಾಲಜಿ (ಕ್ರಿಮಿ ಪರೀಕ್ಷೆ) ಕೆಲಸ ಅಲ್ವಾ ಅಂತ ಗೊತ್ತಿದ್ದೋರು ಕೇಳ್ತಾರೆ. ಹೌದು, ಒಂದು ಗಾಯ, ಒಂದು ಕಲ್ಚರ್, ಒಂದು ರಿಪೋರ್ಟು ಅಂದ್ರೆ ಅದು ದಿನದ ಕೆಲಸವೇ. ಆದ್ರೆ ಏಣಿಯಿಂದ ಬಿದ್ದವರು, ಮರಗಸಿ ಮಾಡೋವಾಗ, ಅಂದ್ರೆ ನೆರಳು ಮರದ ಕೊಂಬೆ ಕಡಿಯೋವಾಗ ಕತ್ತಿ ತಾಗಿದವರು, ಆನೆ ತುಳಿದವರು, ಎಲ್ರ ಗಾಯಕ್ಕೂ ಮೆತ್ತಿರೋದು ಇದೇ ಒದ್ದೆ ಮಣ್ಣು, ಅದರಲ್ಲಿ ಯಾವ ಕ್ರಿಮಿ ಜಾಸ್ತಿ, ಯಾವ ಔಷಧಿ ಮೊದಲನೇ ದಿನದಿಂದ್ಲೇ ಕೊಟ್ರೆ ಕೀವು ಆಗಲ್ಲ, ಮಳೆಗಾಲಕ್ಕೂ ಬೇಸಿಗೆಗೂ ವ್ಯತ್ಯಾಸ ಇದ್ಯಾ ಅಂತ ಕೂತು ನೋಡೋರು ಬೇಕಲ್ಲ. ಐದು ವರ್ಷದ ಗಾಯಗಳನ್ನ ಒಂದೇ ಪುಸ್ತಕದಲ್ಲಿ ಬರೆದು, ಆ ಕ್ರಿಮಿಗಳನ್ನ ಫ್ರೀಜರಲ್ಲಿ ಕಾಪಾಡಿಟ್ಟು ಕೇಳಿದ್ರೆ ಅದು ರಿಸರ್ಚು. ಈಗ ರಿಪೋರ್ಟು ರೋಗಿ ಜೊತೆ ಪ್ಲಾಸ್ಟಿಕ್ ಕವರಲ್ಲಿ ಮನೆಗೆ ಹೋಗಿ ಅಟ್ಟದ ಮೇಲೆ ಗೆದ್ದಲು ಹಿಡೀತಾ ಇದೆ.

ನೋಡಿ, ನಮ್ಮ ಜಿಲ್ಲೆಗೆ ರಿಸರ್ಚ್ ಅಂದ್ರೆ ಹೊಸದೇನಲ್ಲ. ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಬಂದ್ರೆ ಕೇಳೋಕೆ ಚೆಟ್ಟಳ್ಳಿಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಏಲಕ್ಕಿಗೆ ಅಪ್ಪಂಗಳ ಇದೆ, ಮರಕ್ಕೆ ಪೊನ್ನಂಪೇಟೆ ಅರಣ್ಯ ಕಾಲೇಜಿದೆ. ಗಿಡದ ಕಾಂಡ ಸೀಳಿ ಒಳಗೆ ಹುಳ ಹೇಗೆ ಕೊರೆದಿದೆ ಅಂತ ನೋಡೋರು ಇದ್ದಾರೆ. ಆ ಗಿಡದ ಬುಡದಲ್ಲಿ ಬಿದ್ದು ಕಾಲು ಮುರ್ಕೊಂಡವನ ಮೂಳೆಲಿ ಏನಾಯ್ತು ಅಂತ ನೋಡೋಕೆ ಮಾತ್ರ ಘಾಟಿ ಇಳೀಬೇಕು. ನಾನಿದನ್ನ ಕಾಫಿಯೋರ ಮೇಲೆ ಹೊಟ್ಟೆಕಿಚ್ಚಿಂದ ಹೇಳ್ತಿಲ್ಲ, ನನ್ನದೂ ನಾಲ್ಕು ಗಿಡ ಇದೆ, ಚೆಟ್ಟಳ್ಳಿಯವರ ಸಲಹೆ ನಾನೂ ತಗೊಂಡಿದ್ದೀನಿ.

ಸರಿ, ಲ್ಯಾಬ್ ಬೇಕು ಅಂದ್ರೆ ಪೆಥಾಲಜಿ ಇದೆ, ಮೈಕ್ರೋಬಯಾಲಜಿ ಇದೆ, ಸರ್ಜರಿ ಒಳಗೇ ಯಾಕೆ? ಯಾಕಂದ್ರೆ ಟೈಮು. ಸರ್ಜನ್ ಒಂದು ಗೆಡ್ಡೆ ತೆಗೀತಾರೆ ಅಂತ ಇಟ್ಕೊಳ್ಳಿ, ರಕ್ತನಾಳ ಕಟ್ಟಿದ ಕ್ಷಣದಿಂದ ಆ ಮಾಂಸ ಸಾಯೋಕೆ ಶುರು. ಹೊರಗಿಂದ ನೋಡೋಕೆ ಹಾಗೇ ಇರುತ್ತೆ, ಒಳಗೆ ಜೀನಿನ ಸಂದೇಶ ಹೊರೋ ಆರ್‌ಎನ್‌ಎ ಅನ್ನೋದು ನಿಮಿಷ ನಿಮಿಷಕ್ಕೂ ಪುಡಿಯಾಗ್ತಾ ಇರುತ್ತೆ. ಅದನ್ನ ಉಳಿಸ್ಬೇಕು ಅಂದ್ರೆ ಅರ್ಧ ಗಂಟೆ ಒಳಗೆ ದ್ರವ ಸಾರಜನಕಕ್ಕೆ ಅದ್ದಿ, ಅದು ಮೈನಸ್ 196 ಡಿಗ್ರಿ, ಆಮೇಲೆ ಮೈನಸ್ 80ರ ಫ್ರೀಜರಲ್ಲಿ ಇಡ್ಬೇಕು. ಲ್ಯಾಬು ಇನ್ನೊಂದು ಬಿಲ್ಡಿಂಗಲ್ಲಿ ಇದ್ರೆ ಏನಾಗುತ್ತೆ ಅಂತ 31 ವರ್ಷ ನೋಡಿದ್ದೀನಿ. ಸಿಸ್ಟರ್ ಡಬ್ಬಿಗೆ ಹಾಕಿ ಟ್ರೇ ಮೇಲೆ ಇಡ್ತಾರೆ, ಮುಂದಿನ ಕೇಸ್ ಶುರುವಾಗುತ್ತೆ, ಅಟೆಂಡರ್ ಊಟಕ್ಕೆ ಹೋಗಿರ್ತಾನೆ, ಬಂದ ಮೇಲೆ ಫಾರ್ಮಿಗೆ ಸಹಿ ಇರಲ್ಲ, ಸಹಿ ಹಾಕೋ ಪಿಜಿ ಓದೋ ಡಾಕ್ಟ್ರು ಕ್ಯಾಶುವಾಲ್ಟಿಲಿ ಇರ್ತಾರೆ. ಸಂಜೆ ನಾಲ್ಕಕ್ಕೆ ನನ್ನ ಟೇಬಲಿಗೆ ಬರೋದು ಅರ್ಧ ಒಣಗಿದ ಒಂದು ತುಂಡು.

ಹಾಗಾಗಿ ಥಿಯೇಟರ್ ಪಕ್ಕದಲ್ಲೇ ಒಂದು ಕೋಣೆ ಇದ್ದು, ಅಲ್ಲಿ ಒಬ್ಬ ಕಾಯ್ತಾ ಇದ್ದು, ತುಂಡು ಹೊರಗೆ ಬಂದ ತಕ್ಷಣ ಮೂರು ಪಾಲು ಮಾಡ್ಬೇಕು. ಬಯಾಪ್ಸಿಯದ್ದು ಫಾರ್ಮಲಿನ್‌ಗೆ, ಕಲ್ಚರಿಂದು ಸಲೈನಿಗೆ, ರಿಸರ್ಚಿಂದು ಫ್ರೀಜರಿಗೆ. ರೋಗಿ ಚಿಕಿತ್ಸೆಗೆ ಬೇಕಾದ್ದು ಮೊದಲು, ರಿಸರ್ಚಿಗೆ ಉಳಿದದ್ದು ಮಾತ್ರ, ಅದ್ರಲ್ಲಿ ಮುಲಾಜಿಲ್ಲ. ಪರೀಕ್ಷೆಗೆ ಬೇಕಾದಷ್ಟು ತೆಗೆದ ಮೇಲೆ ಮಿಕ್ಕಿದ್ದು ಈಗ ಎಲ್ಲಿಗೆ ಹೋಗುತ್ತೆ ಗೊತ್ತಾ, 2016ರ ಬಯೋಮೆಡಿಕಲ್ ತ್ಯಾಜ್ಯದ ನಿಯಮ ಪ್ರಕಾರ ಹಳದಿ ಚೀಲಕ್ಕೆ, ಅಲ್ಲಿಂದ ಬೆಂಕಿಗೆ. ನಿಯಮ ಸರಿಯಾಗೇ ಇದೆ. ಆದ್ರೆ ಆ ಹಳದಿ ಚೀಲದಲ್ಲಿ ದಿನಾ ಏನೇನು ಹೋಗುತ್ತೆ ಅಂತ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಅಲ್ಸರ್ ವಿಷಯ ಹೇಳ್ತೀನಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹೊಟ್ಟೆ ಹುಣ್ಣು ವಾಸಿ ಆಗ್ಲಿಲ್ಲ ಅಂದ್ರೆ ಆಪರೇಷನ್ನು, ಜಠರದ ಒಂದು ಭಾಗ ಕತ್ತರಿಸಿ ತೆಗೆಯೋರು, ಟೆನ್ಷನ್ನು ಖಾರ ಇವುಗಳಿಂದ ಬರುತ್ತೆ ಅಂತ ದೊಡ್ಡ ದೊಡ್ಡ ಡಾಕ್ಟ್ರೇ ಹೇಳೋರು. ಆಸ್ಟ್ರೇಲಿಯಾದ ಪರ್ತ್ ಅನ್ನೋ ಊರಿನ ಆಸ್ಪತ್ರೆಲಿ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಅಂತ ಇಬ್ರು, ಜಠರದ ಚೂರುಗಳಲ್ಲಿ ಸುರುಳಿ ಥರದ ಒಂದು ಕ್ರಿಮಿ ನೋಡಿ ಅದನ್ನ ಬೆಳೆಸೋಕೆ ನೋಡ್ತಾ ಇದ್ರು. ಪ್ಲೇಟಲ್ಲಿ ಎರಡು ದಿನ ನೋಡಿ ಏನೂ ಬೆಳೀಲಿಲ್ಲ ಅಂತ ಬಿಸಾಡೋದು, ಮತ್ತೆ ಹಾಕೋದು. 1982ರ ಈಸ್ಟರ್ ರಜೆ ಬಂತು, ಬಿಸಾಡೋರು ಯಾರೂ ಇರ್ಲಿಲ್ಲ, ಪ್ಲೇಟು ಐದು ದಿನ ಹಾಗೇ ಒಳಗೆ ಉಳೀತು, ಬಂದು ನೋಡಿದ್ರೆ ಬೆಳೆದಿದೆ. ಅದು ನಿಧಾನಕ್ಕೆ ಬೆಳೆಯೋ ಕ್ರಿಮಿ, ಅಷ್ಟೇ. 2005ರಲ್ಲಿ ಇಬ್ರಿಗೂ ನೊಬೆಲ್ ಬಂತು, ಈಗ ಅಲ್ಸರಿಗೆ ಹೊಟ್ಟೆ ಕೊಯ್ಯೋದು ಅಪರೂಪ, ಒಂದೆರಡು ವಾರದ ಮಾತ್ರೆಲಿ ಮುಗಿಯುತ್ತೆ. ಇದನ್ನ ಮೊದಲ ಸಲ ಓದಿದಾಗ ನಾನು ಊಟ ಬಿಟ್ಟು ಯೋಚನೆ ಮಾಡಿದ್ದೆ, 48 ಗಂಟೆಗೆ ಪ್ಲೇಟ್ ಬಿಸಾಡ್ತಿದ್ದೋರಲ್ಲಿ ನಾನೂ ಒಬ್ಬ ತಾನೇ, ಎಷ್ಟು ಬಿಸಾಡಿದ್ನೋ ಏನು ಬಿಸಾಡಿದ್ನೋ.

ಕೊಡಗಲ್ಲಿ ಏನು ಹುಡುಕೋದು ಅಂತೀರಾ? ಹಾವಿಂದ ಶುರು ಮಾಡ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಹಾವು ಕಚ್ಚಿದ್ರೆ ಕೊಡೋ ಇಂಜೆಕ್ಷನ್ ನಾಲ್ಕು ಹಾವಿನ ವಿಷಕ್ಕೆ ಮಾಡಿದ್ದು, ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷ ಬಹುತೇಕ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತೆ. ಆದ್ರೆ ನಮ್ಮ ಕಾಫಿ ತೋಟದ ತರಗೆಲೆ ಅಡಿಲಿ ಇರೋದು ಇನ್ನೊಂದು ಜಾತಿ, ಒಣಎಲೆ ಬಣ್ಣದ್ದು, ಗಿಡ್ಡ, ಮೂಗಿನ ತುದಿ ಮೇಲೆತ್ತಿರುತ್ತೆ, ಇಂಗ್ಲಿಷಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಅಂತಾರೆ. ಕಳೆ ತೆಗೆಯೋ ಹೆಂಗಸರ ಕೈಗೆ, ಚಪ್ಪಲಿ ಇಲ್ಲದ ಕಾಲಿಗೆ ಕಚ್ಚೋದು ಇದೇ. ಕಚ್ಚಿದ ಜಾಗ ಊದಿ ಬೊಬ್ಬೆ ಬರುತ್ತೆ, ಕೆಲವರಿಗೆ ರಕ್ತ ಹೆಪ್ಪುಗಟ್ಟಲ್ಲ, ಕೆಲವರಿಗೆ ಕಿಡ್ನಿಗೆ ಹೊಡೆಯುತ್ತೆ. ಆ ನಾಲ್ಕು ಹಾವಿನ ಇಂಜೆಕ್ಷನ್ ಇದಕ್ಕೆ ಕೆಲಸ ಮಾಡಲ್ಲ. ಕೊಳಕುಮಂಡಲದ ಮರಿ ಅಂದ್ಕೊಂಡು ಬಾಟಲಿ ಮೇಲೆ ಬಾಟಲಿ ಏರಿಸೋದೂ ಇದೆ.

ಸರ್ಜರಿಯೋರಿಗೆ ಇದ್ರಲ್ಲಿ ಏನು ಕೆಲಸ ಅಂದ್ರೆ, ಕಾಲು ಕುಂಬಳಕಾಯಿ ಥರ ಊದಿ ಬಂದಾಗ ಕೊಯ್ದು ಒತ್ತಡ ಬಿಡಿಸ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋರು ಅವರೇ, ಕೊಳೆತ ಚರ್ಮ ತೆಗೆದು ಬೇರೆ ಚರ್ಮ ಹಾಕೋರೂ ಅವರೇ. ಸುಮ್ನೆ ಕೊಯ್ದ್ರೆ ರಕ್ತ ನಿಲ್ಲಲ್ಲ, ಕೊಯ್ಯದಿದ್ರೆ ಕೆಲವು ಸಲ ಕಾಲೇ ಹೋಗುತ್ತೆ. ಅಂಥಾ ಪ್ರತಿ ರೋಗಿ ಬಂದಾಗ ಒಪ್ಪಿಗೆ ತಗೊಂಡು ಎರಡು ಎಂ.ಎಲ್. ರಕ್ತ ಇಂಜೆಕ್ಷನ್‌ಗೆ ಮೊದಲೇ ತೆಗೆದು, ಸೀರಂ, ಅಂದ್ರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ, ಬೇರೆ ಮಾಡಿ ಫ್ರೀಜರಲ್ಲಿ ಇಟ್ರೆ, ಊದಿದ ಸುತ್ತಳತೆ ಟೇಪಲ್ಲಿ ಅಳೆದು ಗಂಟೆ ಗಂಟೆಗೆ ಬರೆದಿಟ್ರೆ, ನಾಲ್ಕು ಮಳೆಗಾಲ ಕಳೆಯೋಷ್ಟರಲ್ಲಿ ನಮ್ಮ ಕೈಲಿ ಒಂದು ದೊಡ್ಡ ಆಸ್ತಿ ಇರುತ್ತೆ. ಬೆಂಗಳೂರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ಹಾವಿನ ವಿಷದ ಮೇಲೆ ದೊಡ್ಡ ಕೆಲಸ ಮಾಡ್ತಾ ಇದ್ದಾರೆ, ಅವರ ಹತ್ರ ಮೆಷಿನ್ ಇದೆ, ನಮ್ಮ ಹತ್ರ ರೋಗಿ ಇದ್ದಾನೆ, ಇಬ್ರನ್ನೂ ಸೇರ್ಸೋಕೆ ಬೇಕಾಗಿರೋದು ಒಂದು ಫ್ರೀಜರು ಒಂದು ರಿಜಿಸ್ಟರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡ್ಬೇಕು ಅಂತ ಮಾಡಿದೆ, ಸಂಖ್ಯೆ ಸಿಗುತ್ತೆ, ಒಳ್ಳೇದು, ಸಂಖ್ಯೆ ಜೊತೆ ಸೀರಮ್ಮೂ ಉಳೀಲಿ.

ಇನ್ನೊಂದು ಸಿಕಲ್ ಸೆಲ್, ಕುಡುಗೋಲು ಆಕಾರದ ರಕ್ತಕಣದ ಕಾಯಿಲೆ. ನಮ್ಮ ಹಾಡಿಗಳ ಬುಡಕಟ್ಟು ಜನ, ಯರವರು, ಜೇನುಕುರುಬರಲ್ಲಿ ಇದು ಇದೆ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದೇ 1952ರಲ್ಲಿ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ 2047ರೊಳಗೆ ನಿರ್ಮೂಲನೆ ಅಂತ ಮಿಷನ್ ಶುರು ಮಾಡಿ ಹಾಡಿ ಹಾಡಿಗೆ ಟೆಸ್ಟ್ ಮಾಡಿಸ್ತಾ ಇದೆ. ಸರ್ಜನ್ ಹತ್ರ ಇವರು ಬರೋದು ಪಿತ್ತಕೋಶದ ಕಲ್ಲು ಅಂತ, ಚಿಕ್ಕ ವಯಸ್ಸಲ್ಲೇ, ಇಲ್ಲಾ ಸೊಂಟದ ಮೂಳೆ ಸತ್ತು ಕುಂಟ್ತಾ ಬರ್ತಾರೆ. ಅನಸ್ತೇಸಿಯಾ ಕೊಡೋ ಮೊದಲು ಗೊತ್ತಿದ್ರೆ ಮೈ ಬೆಚ್ಚಗಿಟ್ಟು, ನೀರಿನಂಶ ಆಕ್ಸಿಜನ್ ಕಡಿಮೆ ಆಗದ ಹಾಗೆ ನೋಡ್ಕೋತಾರೆ, ಗೊತ್ತಿಲ್ಲದೇ ಹೋದ್ರೆ ಆಪರೇಷನ್ ಟೇಬಲ್ ಮೇಲೇ ಕಷ್ಟ. ಮೊದಲ ಹಂತದ ಟೆಸ್ಟಿಗೆ ಕೆಲವೇ ನಿಮಿಷ ಸಾಕು.

ಆದ್ರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಹಾಡಿಯೋರ ರಕ್ತ ತೆಗೆಯೋಕೆ ಹಿಂದೆ ಒಂದು ಸಲ ನಾನೂ ಹೋಗಿದ್ದೆ, ಯಾವ ಸಂಸ್ಥೆ ಅಂತ ಬೇಡ. ಹೆಬ್ಬೆಟ್ಟು ಒತ್ತಿಸ್ಕೊಂಡ್ವಿ, ಬಿಸ್ಕೆಟ್ ಕೊಟ್ವಿ, ರಕ್ತ ತಗೊಂಡ್ವಿ, ರಿಪೋರ್ಟ್ ವಾಪಸ್ ಹೋಗ್ಲೇ ಇಲ್ಲ. ಎರಡು ವರ್ಷ ಬಿಟ್ಟು ಅದೇ ಹಾಡಿಯ ಒಬ್ಬಳು ಅಜ್ಜಿ ಸಂತೆಲಿ ಸಿಕ್ಕಿ, ನನ್ನ ರಕ್ತ ಏನಾಯ್ತು ಮಗನೇ ಅಂತ ಕೇಳಿದ್ಳು. ಉತ್ತರ ಇರ್ಲಿಲ್ಲ. ಸಂತೆ ಚೀಲ ಎತ್ಕೊಂಡು ಆ ಕಡೆ ನಡೆದುಬಿಟ್ಟೆ. ಹಾಗಾಗಿ ಲ್ಯಾಬಿನ ಮೊದಲ ಫ್ರೀಜರ್ ಬರೋ ಮೊದಲೇ ರಿಸರ್ಚಲ್ಲಿ ರೋಗಿಗೆ ಅನ್ಯಾಯ ಆಗದ ಹಾಗೆ ನೋಡೋ ಎಥಿಕ್ಸ್ ಕಮಿಟಿ ಸರಿಯಾಗಿ ಕೂರ್ಬೇಕು, ಅದು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಲಿ ರಿಜಿಸ್ಟರ್ ಆಗಿರ್ಬೇಕು ಅಂತ 2019ರ ನಿಯಮನೇ ಇದೆ. ಓದೋಕೆ ಬಾರದವರಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಎದುರಿಗೆ, ಅವರ ಮಾತಲ್ಲೇ ಹೇಳಿ ಒಪ್ಪಿಗೆ ತಗೋಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಹೇಳುತ್ತೆ. ಯರವ ಮಾತು ಬರೋರು, ಕೊಡವ ತಕ್ಕ್ ಬರೋರು, ಮಲಯಾಳ ಬರೋರು, ಈಗ ಲೈನ್‌ಮನೆ ತುಂಬ ಅಸ್ಸಾಮಿನೋರು, ಅವರ ಮಾತು ಬರೋರು ಯಾರಾದ್ರೂ ಬೇಕು. ನಾಲ್ಕು ಪುಟದ ಇಂಗ್ಲಿಷ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸ್ಕೊಳ್ಳೋದನ್ನ ಒಪ್ಪಿಗೆ ಅಂತ ನಾನು ಒಪ್ಪಲ್ಲ.

ಈಗ ಲ್ಯಾಬ್ ಹೇಗಿರ್ಬೇಕು ಅನ್ನೋದಕ್ಕೆ ಬರ್ತೀನಿ, ಇಲ್ಲಿ ನನಗೆ ಸ್ವಲ್ಪ ಅಧಿಕಾರ ಇದೆ ಮಾತಾಡೋಕೆ. ಕೊಡಗಲ್ಲಿ ಲ್ಯಾಬ್ ನಡೆಸೋದು ಅಂದ್ರೆ ಜೂನಿಂದ ಸೆಪ್ಟೆಂಬರ್ ತನಕ ಬೂಷ್ಟಿನ ಜೊತೆ ಯುದ್ಧ. ಬೆಲ್ಟು ಚಪ್ಪಲಿ ಮದುವೆ ಆಲ್ಬಂ ಎಲ್ಲಕ್ಕೂ ಬೂಷ್ಟು ಹಿಡಿಯೋ ಊರಲ್ಲಿ ಮೈಕ್ರೋಸ್ಕೋಪು ಬಿಡುತ್ತಾ? ಲೆನ್ಸಿನ ಒಳಗೆ ಜೇಡರ ಬಲೆ ಥರ ಎಳೆ ಎಳೆಯಾಗಿ ಫಂಗಸ್ ಹರಡುತ್ತೆ, ಮೊದಲು ಯಾರಿಗೂ ಗೊತ್ತಾಗಲ್ಲ, ಸ್ಲೈಡ್ ಮಂಜು ಮಂಜಾಗಿ ಕಾಣುತ್ತೆ ಅಂತ ಅದಕ್ಕೆ ಹಾಕೋ ಬಣ್ಣಕ್ಕೆ ಬಯ್ತಾರೆ. ಒಂದು ಸಲ ಗಾಜಿನ ಮೇಲಿನ ಲೇಪ ತಿಂದ್ರೆ ಮುಗೀತು, ಒರೆಸಿದ್ರೂ ಗುರುತು ಉಳಿಯುತ್ತೆ. ನಾನು ಕೊಡಗಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಒಂದು ಮರದ ಪೆಟ್ಟಿಗೆ ಮಾಡಿಸಿ, ಒಳಗೆ 40 ವ್ಯಾಟಿನ ಬಲ್ಬ್ ಉರಿಸಿ, ಸಿಲಿಕಾ ಜೆಲ್ ಡಬ್ಬಿ ಇಟ್ಟು ರಾತ್ರಿ ಮೈಕ್ರೋಸ್ಕೋಪನ್ನ ಅದರಲ್ಲಿ ಮಲಗಿಸ್ತಿದ್ದೆ. ಜೆಲ್ಲು ನೀಲಿ ಇದ್ದದ್ದು ಗುಲಾಬಿ ಆಯ್ತು ಅಂದ್ರೆ ನೀರು ಕುಡಿದಿದೆ ಅಂತ ಅರ್ಥ, ಲ್ಯಾಬಿನ ಓವನ್‌ಗೆ ಹಾಕಿ ಒಣಗಿಸಿದ್ರೆ ಮತ್ತೆ ನೀಲಿ. ಡಾಕ್ಟ್ರುಗಳು ನಗೋರು, ಏನಪ್ಪ ಕೋಳಿಮರಿ ಮಾಡಿಸ್ತಾ ಇದ್ಯಾ ಅಂತ. ಹೊಸ ಲ್ಯಾಬಿಗೆ ಲಕ್ಷಗಟ್ಟಲೆ ಕೊಟ್ಟು ಮೈಕ್ರೋಸ್ಕೋಪ್ ತರೋ ಮೊದಲು ಒಳ್ಳೆ ಡಿಹ್ಯುಮಿಡಿಫೈಯರ್ ತರ್ಲಿ, ಕೋಣೆಗೆ ಬಾತ್‌ರೂಂ ಗೋಡೆ ಅಂಟ್ಕೊಂಡಿರ್ಬಾರ್ದು, ತಾರಸಿ ಸೋರ್ಬಾರ್ದು.

ಎರಡನೇದು ಕರೆಂಟು. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಬೇಜಾರು. ಒಂದು ಆಸ್ಪತ್ರೆಲಿ, ಜುಲೈ ತಿಂಗಳು, ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಜನರೇಟರ್ ಇತ್ತು, ಡೀಸೆಲ್ ಶನಿವಾರ ರಾತ್ರಿ ಖಾಲಿ, ಇಂಡೆಂಟಿಗೆ ಸಹಿ ಹಾಕೋರು ಸೋಮವಾರ ಬರೋದು. ಸೋಮವಾರ ಬೆಳಿಗ್ಗೆ ಮೈನಸ್ 80 ಫ್ರೀಜರಿನ ಬಾಗಿಲು ತೆಗೆದ್ರೆ ಕೆಳಗೆ ನೀರು ಸೋರಿ ನನ್ನ ಚಪ್ಪಲಿ ಒದ್ದೆಯಾಯ್ತು. ಒಬ್ಬ ಪಿಜಿ ಹುಡುಗಿ ಎರಡು ವರ್ಷ ಸೇರಿಸಿಟ್ಟಿದ್ದ ಸ್ಯಾಂಪಲ್ಲು, ಅವಳ ಥೀಸಿಸ್ ಪೂರ್ತಿ ಅದರಲ್ಲಿ. ಡಬ್ಬಿಗಳ ಮೇಲಿನ ಪೆನ್ನಿನ ನಂಬರೂ ನೀರಿಗೆ ಅಳಿಸಿ ಹೋಗಿತ್ತು. ಅವಳು ಕಾರಿಡಾರಿನ ಬೆಂಚ್ ಮೇಲೆ ಕೂತು ಒಂದು ಮಾತೂ ಆಡ್ಲಿಲ್ಲ, ನಾನು ಟೀ ತಂದುಕೊಟ್ಟೆ, ಅದೂ ಆರಿತು. ಅದಕ್ಕೇ ಹೇಳೋದು, ಫ್ರೀಜರಿಗೆ ಬೇರೆಯೇ ಲೈನು, ಥಿಯೇಟರಿನ ಜನರೇಟರಿಗೇ ಜೋಡಿಸಿದ್ದು, ಟೆಂಪರೇಚರ್ ಏರಿದ್ರೆ ಮೂರು ಜನರ ಫೋನಿಗೆ ಮೆಸೇಜ್ ಬರೋ ಅಲಾರಂ, ಅದು ಕೆಟ್ರೂ ಇರ್ಲಿ ಅಂತ ದಿನಕ್ಕೆರಡು ಸಲ ಪೆನ್ಸಿಲಲ್ಲಿ ಬರೆಯೋ ಒಂದು ಪುಸ್ತಕ. ಪೆನ್ಸಿಲ್ ಯಾಕೆ ಅಂದ್ರೆ ನೀರಿಗೆ ಅಳಿಸಲ್ಲ. ಸರ್ಜರಿ ಒಳಗೇ ಲ್ಯಾಬ್ ಇರ್ಲಿ ಅನ್ನೋದಕ್ಕೆ ಇದೂ ಒಂದು ಕಾರಣ, ಆಸ್ಪತ್ರೆಲಿ ಎಲ್ಲಿ ಕರೆಂಟ್ ಹೋದ್ರೂ ಥಿಯೇಟರಿಗೆ ಹೋಗೋಕೆ ಬಿಡಲ್ಲ.

ಮತ್ತೆ ದಾರಿ. 2018ರ ಆಗಸ್ಟಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಮಂಗಳೂರು ರಸ್ತೆ ಬಂದಾದಾಗ ಮಾತ್ರೆನೇ ಬರೋದು ಕಷ್ಟ ಆಗಿತ್ತು, ಸ್ಯಾಂಪಲ್ ಕಳಿಸೋದು ದೂರದ ಮಾತು. ಕೋವಿಡ್ ಶುರುವಲ್ಲೂ ಮೂಗಿನ ಸ್ಯಾಂಪಲ್ ಹೊರಜಿಲ್ಲೆಗೆ ಹೋಗಿ ರಿಪೋರ್ಟಿಗೆ ಕಾಯ್ತಾ ಕೂತಿದ್ವಿ, ಆಮೇಲೆ ಮಡಿಕೇರಿಲೇ ಟೆಸ್ಟಿಂಗ್ ಲ್ಯಾಬ್ ಆಯ್ತು. ಆಗಲ್ಲ ಆಗಲ್ಲ ಅಂತಿದ್ದದ್ದು ಬೇಕು ಅಂದಾಗ ಆಯ್ತಲ್ಲ.

ಮೂರನೇದು, ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲನೇದು, ಜನ. ಬಿಲ್ಡಿಂಗ್ ಕಟ್ತಾರೆ, ರಿಬ್ಬನ್ ಕಟ್ ಮಾಡ್ತಾರೆ, ಮೆಷಿನ್ ಬರುತ್ತೆ, ಪ್ಲಾಸ್ಟಿಕ್ ಕವರ್ ತೆಗೆಯೋಕೂ ಆಳಿರಲ್ಲ. ಟೆಕ್ನಿಷಿಯನ್ನನ್ನ 11 ತಿಂಗಳ ಕಾಂಟ್ರಾಕ್ಟಲ್ಲಿ ಹೊರಗುತ್ತಿಗೆಗೆ ತಗೋತಾರೆ, ಹುಡುಗ ಕೆಲಸ ಕಲಿತು ಕೈ ಕುದುರೋ ಹೊತ್ತಿಗೆ ಬೆಂಗಳೂರಿಗೆ ಹೋಗ್ತಾನೆ, ಹೋಗ್ದೇ ಏನು ಮಾಡ್ತಾನೆ, ಮೂರು ತಿಂಗಳ ಸಂಬಳ ಬಂದಿರಲ್ಲ. ಮಾಂಸದ ತುಂಡನ್ನ ಮೇಣದಲ್ಲಿ ಕೂರಿಸಿ ಮೈಕ್ರೋಟೋಮಲ್ಲಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ, ಅಂದ್ರೆ ಈರುಳ್ಳಿ ಸಿಪ್ಪೆಯ ಪೊರೆಗಿಂತ ತೆಳ್ಳಗೆ ಕೊಯ್ಯೋದು ಪುಸ್ತಕದಿಂದ ಬರಲ್ಲ. ಬ್ಲೇಡಿಂದ ಬರೋ ಆ ರಿಬ್ಬನ್ನನ್ನ ಬೆಚ್ಚಗಿನ ನೀರಿನ ಮೇಲೆ ಸುಕ್ಕಿಲ್ಲದ ಹಾಗೆ ತೇಲಿಸೋಕೆ ನನಗೆ ಒಂದೂವರೆ ವರ್ಷ ಹಿಡೀತು, ಉಸಿರು ಜೋರಾಗಿ ಬಿಟ್ರೂ ಹಾರಿಹೋಗುತ್ತೆ.

ವಿವಿಯನ್ ಥಾಮಸ್ ಅಂತ ಒಬ್ರ ಕಥೆ ನಾನು ಕಲಿಸಿದ ಹುಡುಗ್ರಿಗೆಲ್ಲ ಹೇಳಿದ್ದೀನಿ. ಅಮೆರಿಕಾದ ಕರಿಯ ಜನಾಂಗದೋರು, ಬಡಗಿ ಕೆಲಸ ಗೊತ್ತಿತ್ತು, 1930ರಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಅನ್ನೋ ಸರ್ಜನ್ನಿನ ಲ್ಯಾಬಲ್ಲಿ ಸಹಾಯಕನಾಗಿ ಸೇರಿದ್ರು, ಡಾಕ್ಟ್ರಾಗ್ಬೇಕು ಅಂತ ಕೂಡಿಟ್ಟ ದುಡ್ಡು ಆಮೇಲೆ ಆರ್ಥಿಕ ಕುಸಿತದಲ್ಲಿ ಬ್ಯಾಂಕ್ ಜೊತೆಗೇ ಮುಳುಗಿತು. ಮಾಡ್ತಿದ್ದದ್ದು ಸಂಶೋಧನೆ, ಲೆಕ್ಕದಲ್ಲಿ ಇದ್ದದ್ದು ಜಾಡಮಾಲಿ ಅಂತ. ಹುಟ್ಟುವಾಗ್ಲೇ ಹೃದಯ ಸರಿ ಇಲ್ಲದೇ ಮೈ ನೀಲಿಗಟ್ಟೋ ಮಕ್ಕಳಿಗೆ ಆಪರೇಷನ್ ಮಾಡೋಕೆ ದಾರಿ ಇದ್ಯಾ ಅಂತ ನಾಯಿಗಳ ಮೇಲೆ ವರ್ಷಗಟ್ಟಲೆ ಹೊಲಿದು ಹೊಲಿದು ನೋಡಿದೋರು ಅವರು. 1944ರ ನವೆಂಬರ್ 29ಕ್ಕೆ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಲಿ ಮೊದಲನೇ ಮಗುವಿಗೆ ಆಪರೇಷನ್ ಆದಾಗ ಬ್ಲೇಲಾಕ್ ಹಿಂದೆ ಸ್ಟೂಲ್ ಮೇಲೆ ನಿಂತು, ಹೊಲಿಗೆ ಹೀಗೆ ಹಾಕಿ ಹಾಗೆ ಹಾಕಿ ಅಂತ ಹೇಳ್ತಾ ಇದ್ದದ್ದು ಈ ಲ್ಯಾಬ್ ಟೆಕ್ನಿಷಿಯನ್ನೇ. ಗೌರವ ಡಾಕ್ಟರೇಟ್ ಕೊಡೋಕೆ 1976 ಆಗ್ಬೇಕಾಯ್ತು. ಸರ್ಜರಿ ಡಿಪಾರ್ಟ್‌ಮೆಂಟ್ ಒಳಗೆ ಲ್ಯಾಬ್ ಇದ್ದದ್ದಕ್ಕೆ ಆ ಸ್ಟೂಲ್ ಅಲ್ಲಿ ಬಂತು, ಇಲ್ದಿದ್ರೆ ಸರ್ಜನ್ ಒಂದು ಕಡೆ, ಕೈ ಪಳಗಿದೋನು ಇನ್ನೊಂದು ಕಡೆ.

ಹಂಗಾಗಿ ಒಂದು ಪರ್ಮನೆಂಟ್ ಪೋಸ್ಟ್, ಕಡಿಮೆ ಅಂದ್ರೂ ಒಂದೇ ಒಂದು. ಜೊತೆಗೆ ಸರ್ಜನ್‌ಗಳಲ್ಲಿ ಒಬ್ರಿಗಾದ್ರೂ ವಾರಕ್ಕೊಂದು ದಿನ ಓಪಿಡಿ ಥಿಯೇಟರ್ ಎರಡೂ ಇಲ್ದೇ ಲ್ಯಾಬಿಗೇ ಬಿಡ್ಬೇಕು. ಪ್ರಮೋಷನ್ನಿಗೆ ಅಂತ ದುಡ್ಡು ಕೊಟ್ಟು ಯಾವುದೋ ಜರ್ನಲ್ಲಲ್ಲಿ ಹಾಕಿಸೋ ಪೇಪರ್ ನಾನು ಬೇಕಾದಷ್ಟು ನೋಡಿದ್ದೀನಿ, ಕೆಲವಕ್ಕೆ ಟೇಬಲ್ ತುಂಬಿಸಿ ಕೊಟ್ಟವನು ನಾನೇ, ಅಂಥದ್ದಕ್ಕೆ ಈ ಲ್ಯಾಬ್ ಬೇಡ. ಎಂಬಿಬಿಎಸ್ ಮಕ್ಕಳಿಗೆ ಐಸಿಎಂಆರಿನ ಎರಡು ತಿಂಗಳ ಸ್ಟೂಡೆಂಟ್‌ಶಿಪ್ ಇದೆ, ಅವರಿಗೆ ಹಾವು ಕಡಿತದ ರಿಜಿಸ್ಟರ್ ಕೊಡ್ಲಿ, ಬಿಸಿರಕ್ತ, ಚೆನ್ನಾಗಿ ಮಾಡ್ತಾರೆ.

ದುಡ್ಡು ಎಲ್ಲಿಂದ ಅಂತ ಕೇಳೋರಿಗೆ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ರಿಸರ್ಚ್ ಯೂನಿಟ್ ಮಾಡೋಕೆ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯ ಸ್ಕೀಮ್ 2013ರಿಂದಲೇ ಇದೆ. ಶುರುವಿಗೆ ಅದೂ ಬೇಕಾಗಿಲ್ಲ ಅಂತೀನಿ ನಾನು. ಕಲ್ಕತ್ತಾದಲ್ಲಿ ಶಂಭುನಾಥ್ ಡೇ ಅನ್ನೋ ಡಾಕ್ಟ್ರು 1953ರಲ್ಲಿ ಮೊಲದ ಕರುಳನ್ನ ಅಲ್ಲಲ್ಲಿ ದಾರದಿಂದ ಕಟ್ಟಿ, ಒಳಗೆ ಕಾಲರಾ ಕ್ರಿಮಿ ಬಿಟ್ಟು, ಯಾವ ಭಾಗದಲ್ಲಿ ನೀರು ತುಂಬ್ಕೊಳ್ಳುತ್ತೆ ಅಂತ ನೋಡಿ, ಆಮೇಲೆ 1959ರಲ್ಲಿ ಕಾಲರಾ ಕೊಲ್ಲೋದು ಆ ಕ್ರಿಮಿ ಬಿಡೋ ವಿಷದಿಂದ ಅಂತ ತೋರಿಸಿದ್ರು. ದಾರ, ಮೊಲ, ಕತ್ತರಿ, ಗಟ್ಟಿ ತಲೆ. ಈಗ ಪ್ರಾಣಿ ಪ್ರಯೋಗಕ್ಕೆ ಬೇರೆ ಅನುಮತಿ ಬೇಕು, ನಮಗೆ ಅದು ಸದ್ಯಕ್ಕೆ ಬೇಡ್ವೇ ಬೇಡ. ಒಂದು ಒಣ ಕೋಣೆ, ಒಂದು ಬಯೋಸೇಫ್ಟಿ ಕ್ಯಾಬಿನೆಟ್, ಸೆಂಟ್ರಿಫ್ಯೂಜ್, ಇನ್ಕ್ಯುಬೇಟರ್, ಒಂದು ದೊಡ್ಡ ಫ್ರೀಜರ್, ಸಾಕು. ಜೀನ್ ಸೀಕ್ವೆನ್ಸಿಂಗ್ ಮೆಷಿನ್ ಮೊದಲನೇ ದಿನವೇ ಕೇಳೋರನ್ನ ದಯವಿಟ್ಟು ಕಮಿಟಿಗೆ ಹಾಕ್ಬೇಡಿ.

ಸಂಬಂಧಪಟ್ಟೋರು ಇದನ್ನ ಓದಿದ್ರೆ ಮೊದಲು ಒಂದು ಸಣ್ಣ ಕೆಲಸ ಮಾಡ್ಲಿ. ಈ ಒಂದು ತಿಂಗಳು ಸರ್ಜರಿ ವಾರ್ಡಿಂದ ಎಷ್ಟು ಸ್ಯಾಂಪಲ್ ಕಲ್ಚರಿಗೆ ಹೋಯ್ತು, ಎಷ್ಟು ಗಂಟೆಗೆ ತೆಗೆದದ್ದು ಎಷ್ಟು ಗಂಟೆಗೆ ಲ್ಯಾಬ್ ಮುಟ್ಟಿತು, ಆಂಟಿಬಯಾಟಿಕ್ಕಿಗೆ ಮೊದಲಾ ಆಮೇಲಾ, ಯಾವ ಬಾಟಲಿಲಿ ಹೋಯ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆಸ್ಲಿ. ಲ್ಯಾಬ್ ಬೇಕಾ ಬೇಡ್ವಾ ಅಂತ ಆ ನೋಟ್‌ಬುಕ್ಕೇ ಹೇಳುತ್ತೆ. ಆಮೇಲೆ ಬೇಕು ಅಂತ ಆದ್ರೆ, ವಾರಕ್ಕೆರಡು ದಿನ ಬಸ್ಸಲ್ಲಿ ಬಂದು ಹುಡುಗ್ರಿಗೆ ಸೆಕ್ಷನ್ ಕಟಿಂಗ್ ಹೇಳಿಕೊಡೋಕೆ ನಾನು ರೆಡಿ, ಸಂಬಳ ಬೇಡ, ಮಧ್ಯಾಹ್ನದ ಊಟ ಕೊಟ್ರೆ ಆಯ್ತು. ಆ ಬಲ್ಬಿನ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ, ಮೊನ್ನೆ ಇಳಿಸಿ ನೋಡ್ದೆ, ಹಲಗೆ ಗಟ್ಟಿ ಇದೆ, ವೈರ್ ಮಾತ್ರ ಇಲಿ ಕಡಿದಿದೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಮೂರ್ನಾಡು, ಕೊಡಗು